ವ್ಯಾಕ್ಯೂಮ್ ಚೀಲದಲ್ಲಿ ವಿಶ್ವಪ್ರವಾಸ

ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ವರ್ಷವಿಡೀ ದೇಶ ದೇಶ ಸುತ್ತುವವನು ಏನೇನು ಒಯ್ಯಬೇಕು ಎಂಬ ವಿಷಯದಲ್ಲಿ ಇಡೀ ದೆಹಲಿಯಲ್ಲಿ ನನ್ನಷ್ಟು ಬಲ್ಲವನು ಇನ್ನೊಬ್ಬನಿಲ್ಲ ಎಂದು ಹೋದ ಏಪ್ರಿಲ್‌ವರೆಗೂ ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಈ ಬಗ್ಗೆ ನಾನು ನೋಡದ ವಿಡಿಯೋ ಇರಲಿಲ್ಲ. ಗುರುಗ್ರಾಮದ ಆಫೀಸಿನಲ್ಲಿ ಮೀಟಿಂಗ್ ನಡೆಯುವಾಗಲೂ ಮೇಜಿನ ಕೆಳಗೆ ಮೊಬೈಲ್ ಇಟ್ಟುಕೊಂಡು, ಯಾರೋ ಗಡ್ಡದವನು ಕಾಲುಚೀಲ ಮಡಚುವುದನ್ನು ಭಕ್ತಿಯಿಂದ ನೋಡುತ್ತಿದ್ದೆ. ಕೊನೆಗೆ ರಾಜೀನಾಮೆ ಕೊಟ್ಟಾಗ ಮ್ಯಾನೇಜರ್ ನನ್ನನ್ನು ತಡೆಯಲೇ ಇಲ್ಲ. ಯಾಕೆ ತಡೆಯಲಿಲ್ಲ ಎಂಬುದು ಈಗ ಅರ್ಥವಾಗುತ್ತಿದೆ!

ಪ್ರವಾಸದ ಆಸೆ ಮೂಲತಃ ನನ್ನ ಹೆಂಡತಿ ವೀಣಾಳದು. "ನಂಗೆ ಒಡವೆ ಬೇಡ, ಸೈಟು ಬೇಡ. ಪಿಎಚ್‌ಡಿ ಮುಗಿದ ಮೇಲೆ ಒಂದು ವರ್ಷ ಇಬ್ಬರೂ ಜೊತೆಯಲ್ಲಿ ಸುತ್ತೋಣ. ಇದೊಂದು ಮಾತು ಕೊಡು" ಎಂದು ಮದುವೆಗೆ ಮುಂಚೆಯೇ ಕೇಳಿದ್ದಳು. ಕೊಟ್ಟಿದ್ದೆ. ವಸಂತ್ ಕುಂಜ್‌ನ ಬಾಡಿಗೆ ಫ್ಲ್ಯಾಟಿನಲ್ಲಿ ಆ ಮಾತನ್ನೇ ನೆಚ್ಚಿಕೊಂಡು ಅವಳು ವರ್ಷಗಟ್ಟಲೆ ಪ್ರಬಂಧ ಬರೆದಳು. ಅದೂ ಮುಗಿಯಿತು. ವಿಯೆಟ್ನಾಮಿನಿಂದ ಜಾರ್ಜಿಯಾದವರೆಗೆ ದಾರಿ ಗೊತ್ತುಮಾಡಿದೆವು. ಮಂಚ, ಫ್ರಿಜ್ಜು ಮಾರಿದೆವು. ತಿಂಗಳ ಕೊನೆಗೆ ಮನೆ ಖಾಲಿ ಎಂದು ಮಾಲೀಕರಿಗೆ ಹೇಳಿ, ಬೀಗದ ಕೈಯನ್ನು ಗೇಟಿನ ಗಾರ್ಡ್ ಹತ್ತಿರ ಬಿಟ್ಟುಹೋಗುವುದೆಂದು ಮಾತಾಯಿತು. ಉಳಿದದ್ದು ಬ್ಯಾಗ್ ತುಂಬುವ ಕೆಲಸ ಮಾತ್ರ. ಅದನ್ನು ನಾನು ಕೈಗೆತ್ತಿಕೊಂಡೆ. ಅಲ್ಲಿಗೆ ಕಥೆ ಮುಗಿಯಿತು ಅನ್ನಿ.

ವೀಣಾ ತನ್ನ ಹಾಸ್ಟೆಲ್ ಕಾಲದ ಹಳೇ ಬ್ಯಾಗಿಗೆ ಒಂದಿಷ್ಟು ಬಟ್ಟೆ, ಒಂದು ಸ್ವೆಟರ್, ಮಾತ್ರೆ, ಸೋಪು ಹಾಕಿ ಕಾಫಿ ಆರುವುದರೊಳಗೆ ಜಿಪ್ ಎಳೆದಳು. ಪಾಸ್‌ಪೋರ್ಟನ್ನು ಒಂದು ಬಟ್ಟೆಯ ಸಂಚಿಗೆ ಹಾಕಿ ಕೊರಳಿಗೆ ನೇತುಹಾಕಿಕೊಂಡಳು.

"ಏನೇ ಇದು, ಅಜ್ಜಿಯರ ಎಲೆ ಅಡಿಕೆ ಸಂಚಿ ಇದ್ದ ಹಾಗಿದೆ!" ಎಂದು ನಕ್ಕೆ.

"ನಮ್ಮಜ್ಜಿ ಯಾವತ್ತೂ ಎಲೆ ಅಡಿಕೆ ಕಳ್ಕೊಂಡಿದ್ದು ನಾನು ನೋಡಿಲ್ಲಪ್ಪ" ಎಂದಳು.

ನನ್ನದು ಹಾಗಲ್ಲ, ವೈಜ್ಞಾನಿಕ ಪದ್ಧತಿ. ಮಳೆಗೆ ಒಂದು ಪ್ಯಾಂಟು, ಹಿಮಕ್ಕೆ ಒಂದು, ಮರಳಿಗೆ ಇನ್ನೊಂದು. ಪುಟಾಣಿ ಕುಕ್ಕರ್. ಸೊಳ್ಳೆಪರದೆ. ಬಟ್ಟೆ ಒಣಹಾಕಲು ಹಗ್ಗ, ಹಗ್ಗ ಕಟ್ಟಲು ಗೂಟ, ಗೂಟ ಹೊಡೆಯಲು ಸುತ್ತಿಗೆ. ಇವೆಲ್ಲಕ್ಕೂ ಮುಕುಟಪ್ರಾಯವಾಗಿ ನನ್ನ ಜಾಕೆಟ್. ಅದಕ್ಕೆ ಎಷ್ಟು ಜೇಬುಗಳಿದ್ದವೋ ಹೊಲಿದವನಿಗೂ ಗೊತ್ತಿರಲಾರದು. ಎದೆಯ ಮೇಲಿನ ಒಳಜೇಬಿನಲ್ಲಿ ಪಾಸ್‌ಪೋರ್ಟ್. ಅದರ ಜೊತೆಗೇ ನಮ್ಮತ್ತೆ ಕಳಿಸಿದ ಶೇಂಗಾ ಚಟ್ನಿಪುಡಿಯ ಪೊಟ್ಟಣ. ಪರದೇಶದಲ್ಲಿ ಮನುಷ್ಯನಿಗೆ ಅತ್ಯಗತ್ಯವಾದ ಎರಡು ವಸ್ತುಗಳು ಸದಾ ಹೃದಯದ ಹತ್ತಿರವೇ ಇರಬೇಕು ಎಂಬುದು ನನ್ನ ಸಿದ್ಧಾಂತವಾಗಿತ್ತು.

ಬ್ಯಾಗು ಮುಚ್ಚಲಿಲ್ಲ. ಮೇಲೆ ಕೂತೆ. ವೀಣಾಳನ್ನೂ ಕೂರಿಸಿದೆ. ಜಿಪ್ ಕಿತ್ತುಬಂತು.

ಜಿಪ್ ಹಾಕಿಸಲು ಕರೋಲ್ ಬಾಗ್‌ಗೆ ಹೋದೆ. ಅಂಗಡಿಯ ಭಯ್ಯಾ ನನ್ನ ಮುಖ ನೋಡಿದೊಡನೆಯೇ ಬೆಳ್ಳಿ ಬಣ್ಣದ ದಪ್ಪ ಚೀಲಗಳನ್ನು ಹೊರತೆಗೆದ. ಸಾಮಾನು ತುಂಬಿ ವ್ಯಾಕ್ಯೂಮ್ ಕ್ಲೀನರಿನಿಂದ ಗಾಳಿ ಎಳೆದರೆ ಸಾಕು, ಅಷ್ಟು ದೊಡ್ಡ ಗಂಟು ಇಟ್ಟಿಗೆಯಷ್ಟಾಗುತ್ತದಂತೆ. "ಪೂರೀ ಗೃಹಸ್ಥೀ ಆ ಜಾಯೇಗೀ, ಸರ್" ಎಂದ. ಇಡೀ ಸಂಸಾರವೇ ಹಿಡಿಸುತ್ತದಂತೆ! ನನ್ನ ಸಂಸಾರವನ್ನು ಅದರೊಳಗೆ ತುರುಕಲು ನಾನು ಅಲ್ಲೇ ತೀರ್ಮಾನಿಸಿದೆ.

ಆದರೆ ವ್ಯಾಕ್ಯೂಮ್ ಕ್ಲೀನರ್ ನಮ್ಮಲ್ಲಿರಲಿಲ್ಲ. ಕೆಳಗಿನ ಮನೆಯ ಚಾವ್ಲಾ ಆಂಟಿಯ ಹತ್ತಿರ ಇತ್ತು. ಚಳಿಗಾಲ ಮುಗಿದು ಸೆಕೆ ಶುರುವಾಗಿ, ಕಾಲೊನಿಯ ಬಾಲ್ಕನಿಗಳಲ್ಲೆಲ್ಲ ಹತ್ತಿಯ ರಜಾಯಿಗಳು ಬಿಸಿಲು ಕಾಯುತ್ತಿದ್ದವು. "ಲೇ ಜಾ ಬೇಟಾ, ಲೇಕಿನ್ ಮೇರೀ ರಜಾಯೀ ಭೀ ಕರ್ ದೇನಾ" ಎಂದರು ಆಂಟಿ. ಅಂದರೆ ಮಶೀನು ಕೊಡುತ್ತೇನೆ, ನನ್ನ ರಜಾಯಿಯನ್ನೂ ಹಾಗೇ ಮಾಡಿಕೊಡು ಎಂಬ ಒಪ್ಪಂದ. ರಜಾಯಿ, ಶಾಲುಗಳು, ಮಂಕಿ ಕ್ಯಾಪುಗಳು ಎಲ್ಲ ನಮ್ಮ ಮನೆಗೆ ಬಂದವು. ನಾನು ಉದಾರವಾಗಿ ಒಪ್ಪಿಕೊಂಡೆ.

ಆ ಮಧ್ಯಾಹ್ನದ ಸಂಭ್ರಮವನ್ನು ಏನೆಂದು ಹೇಳಲಿ! ಮಶೀನು ಗುರ್ರೆನ್ನುತ್ತಿತ್ತು, ಚೀಲಗಳು ಸೊರಗುತ್ತಿದ್ದವು, ನಾನು ಹಿಗ್ಗುತ್ತಿದ್ದೆ. ಜಾಕೆಟ್ ತೊಟ್ಟು ಕನ್ನಡಿ ಮುಂದೆ ನಿಂತೆ. ಆ ಸೆಕೆಗೆ ಎರಡೇ ನಿಮಿಷದಲ್ಲಿ ಬೆವರು ಇಳಿಯಿತು. ಇದನ್ನು ತೊಟ್ಟು ಹೋಗುವುದು ಸಾಧ್ಯವಿಲ್ಲ ಎನಿಸಿ, ಬಿಚ್ಚಿ ಅದನ್ನೂ ಒಂದು ಚೀಲಕ್ಕೆ ಹಾಕಿ ಗಾಳಿ ಎಳೆದುಬಿಟ್ಟೆ. ಎಲ್ಲ ಚೀಲಗಳೂ ಬೆಳ್ಳಿ ಬಣ್ಣ, ಎಲ್ಲವೂ ಒಂದೇ ಗಾತ್ರ. ಸಂಜೆ ಆಂಟಿಯ ಪಾಲಿನದನ್ನು ಅವರಿಗೆ ತಲುಪಿಸಿ ಆಶೀರ್ವಾದ ಪಡೆದು ಬಂದೆ.

"ನೋಡು ವೀಣಾ, ಎಷ್ಟು ಪುಟ್ಟದಾಗಿದೆ ಬ್ಯಾಗು!"

ಅವಳು ಒಂದು ಕೈಯಲ್ಲಿ ಎತ್ತಲು ನೋಡಿದಳು. ಆಮೇಲೆ ಎರಡು ಕೈಯಲ್ಲಿ. "ಗಾಳಿಗೆ ಅಷ್ಟೇನೂ ತೂಕ ಇರಲ್ಲ ಕಣೋ ಶ್ರೀಧರ" ಎಂದಳು. "ಅದಿರಲಿ, ಅಲ್ಲಿ ಒಂದು ಬನಿಯನ್ ಬೇಕು ಅಂತ ಇದನ್ನ ಬಿಚ್ಚಿದರೆ ಮತ್ತೆ ಹೇಗೆ ತುಂಬ್ತೀಯ? ವ್ಯಾಕ್ಯೂಮ್ ಕ್ಲೀನರ್ ಕೂಡ ಹೊತ್ಕೊಂಡು ಬರ್ತೀಯಾ?"

"ಅಲ್ಲಿನ ಹಾಸ್ಟೆಲ್‌ಗಳಲ್ಲಿ ಇರುತ್ತೆ. ವಿಡಿಯೋದಲ್ಲಿ ನೋಡಿದೀನಿ" ಎಂದೆ. ನೋಡಿರಲಿಲ್ಲ.

ಮರುದಿನ ವಿಮಾನ ನಿಲ್ದಾಣದ ಬಾಗಿಲಲ್ಲಿ ಬಂದೂಕು ಹಿಡಿದ ಕಾವಲಿನವರು ವಿನಯವಾಗಿ ಕೈ ಚಾಚಿ ಪಾಸ್‌ಪೋರ್ಟ್ ಕೇಳಿದರು. ವೀಣಾ ಅಜ್ಜಿಯ ಸಂಚಿಯಿಂದ ತೆಗೆದು ತೋರಿಸಿ ಮುಂದೆ ಹೋದಳು. ನಾನು ಗಂಭೀರವಾಗಿ ಎದೆ ಮುಟ್ಟಿಕೊಂಡೆ. ಎದೆಯ ಮೇಲೆ ಬರೀ ಟೀ ಶರ್ಟಿತ್ತು.

ಹದಿನಾರು ಬಗೆಯ ಮಳೆಯನ್ನು ಯೋಚಿಸಿದ್ದೆ. ಕಳ್ಳರು, ಜಿಗಣೆಗಳು, ಮರಳುಗಾಳಿ ಎಲ್ಲವನ್ನೂ ಯೋಚಿಸಿದ್ದೆ. ವಿಮಾನ ನಿಲ್ದಾಣದ ಬಾಗಿಲನ್ನು ಮಾತ್ರ ಯೋಚಿಸಿರಲಿಲ್ಲ!

"ಏನಾಯ್ತೋ?" ಎಂದು ವೀಣಾ ಒಳಗಿನಿಂದ ಕೇಳಿದಳು.

"ಏನಿಲ್ಲ, ಪಾಸ್‌ಪೋರ್ಟ್ ಜಾಕೆಟ್‌ನಲ್ಲಿದೆ."

"ಜಾಕೆಟ್ ಎಲ್ಲಿದೆ?"

"ಇಟ್ಟಿಗೆಯಲ್ಲಿದೆ."

ಕಾವಲಿನವರು ಪಕ್ಕಕ್ಕೆ ಸರಿಯಲು ಹೇಳಿದರು. ಟ್ರಾಲಿಗಳ ನಡುವೆ ನೆಲದ ಮೇಲೆ ಕೂತು ಮೊದಲನೇ ಚೀಲ ಬಿಚ್ಚಿದೆ. ಅದು ಒಂದು ದೀರ್ಘ ನಿಟ್ಟುಸಿರು ಬಿಟ್ಟಿತು. ಸೊಳ್ಳೆಪರದೆ ಉಬ್ಬುತ್ತಾ ಎದ್ದುಬಂತು. ಎರಡನೆಯದನ್ನು ಬಿಚ್ಚಿದೆ. ಮೂರೂ ಪ್ಯಾಂಟುಗಳು ನನ್ನ ಮಡಿಲಿಗೆ ಬಂದವು. ಉಳಿದದ್ದು ಒಂದೇ. ಮನೆದೇವರನ್ನು ನೆನೆದು ಕೊನೆಯ ಚೀಲ ಬಿಚ್ಚಿದೆ. ಗುಲಾಬಿ ಬಣ್ಣದ, ನವಿಲುಗಳ ಚಿತ್ತಾರವಿದ್ದ ರಜಾಯಿಯೊಂದು ಮೆಲ್ಲಗೆ ಮೈಮುರಿಯುತ್ತಾ ಎದ್ದು ಅರ್ಧ ದಾರಿಯನ್ನು ಆವರಿಸಿತು. ಅದರೊಳಗಿಂದ ಎರಡು ಮಂಕಿ ಕ್ಯಾಪುಗಳು ಉರುಳಿದವು.

ಚಾವ್ಲಾ ಆಂಟಿಗೆ ಫೋನ್ ಮಾಡಿದೆ. ಹಿಂದೆ ರೈಲಿನ ಸದ್ದು. ಆಂಟಿ ಮಗಳ ಮನೆಗೆಂದು ಲೂಧಿಯಾನಾದ ದಾರಿಯಲ್ಲಿದ್ದರು. ನಾನು ಕೊಟ್ಟ ಚೀಲವನ್ನು ಪೆಟ್ಟಿಗೆಯಂಥ ಮಂಚದೊಳಗಿಟ್ಟು, ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ಪರ್ಸಿನಲ್ಲಿಟ್ಟುಕೊಂಡಿದ್ದರು. "ಚಿಂತಾ ಮತ್ ಕರ್ ಬೇಟಾ, ಬಿಲ್ಕುಲ್ ಸೇಫ್ ಹೈ" ಎಂದು ಧೈರ್ಯ ಬೇರೆ ಹೇಳಿದರು. ಅಷ್ಟು ಸೇಫಾದ ಪಾಸ್‌ಪೋರ್ಟ್ ಭಾರತದಲ್ಲೇ ಇನ್ನೊಂದಿರಲಿಲ್ಲ.

ನನಗೆ ನಿಜವಾಗಿಯೂ ಅಳು ಬಂತು. ನವಿಲುಗಳ ಮೇಲೆ ಕೂತು ಸುಮ್ಮನೆ ಅತ್ತೆ. ವೀಣಾ ಹೊರಗೆ ಬಂದು ಪಕ್ಕದಲ್ಲಿ ಕೂತಳು. ಬಯ್ಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ನಾನೂ ಉಳಿದುಬಿಡ್ಲಾ?" ಎಂದಳು.

"ನೀನು ಹೋಗು" ಎಂದೆ. ಬೇಡ ಅನ್ನುತ್ತಾಳೆ, ನನ್ನನ್ನು ಬಿಟ್ಟು ಹೋಗಲ್ಲ ಅನ್ನುತ್ತಾಳೆ ಎಂದು ಒಳಗೊಳಗೇ ಆಸೆಯಿತ್ತು.

ಅವಳು ಸ್ವಲ್ಪ ಯೋಚಿಸಿ ಹೇಳಿದಳು: "ಉಳಿದುಬಿಟ್ಟರೆ ನಿನ್ನ ಮೇಲೆ ಸಾಯೋವರೆಗೂ ಕೋಪ ಇರುತ್ತೆ. ಹೋದರೆ ಒಂದು ವಾರಕ್ಕೆ ಇಳಿದುಹೋಗುತ್ತೆ. ನಿನ್ನ ಒಳ್ಳೇದಕ್ಕೇ ಹೋಗ್ತೀನಿ ಕಣೋ. ಬೇಗ ಬಾ." ಕಣ್ಣೊರೆಸಿಕೊಂಡು, ನನ್ನ ಕೆನ್ನೆ ತಟ್ಟಿ, ಆ ಹಳೇ ಬ್ಯಾಗ್ ಏರಿಸಿಕೊಂಡು ಒಳಗೆ ನಡೆದೇಬಿಟ್ಟಳು.

ನಾನು ಟ್ಯಾಕ್ಸಿಯಲ್ಲಿ ರಜಾಯಿಯನ್ನು ತಬ್ಬಿಕೊಂಡು ವಸಂತ್ ಕುಂಜ್‌ಗೆ ವಾಪಸಾದೆ. ಬೆಳಗ್ಗೆ ತಾನೇ ಕೈಕುಲುಕಿ ಬೀಳ್ಕೊಟ್ಟಿದ್ದ ಗಾರ್ಡ್ "ಇಷ್ಟು ಬೇಗ ಲೋಕ ಸುತ್ತಿ ಬಂದಿರಾ, ಸಾಬ್?" ಎಂದು ಹಿಂದಿಯಲ್ಲಿ ಕೇಳಿ ಬೀಗದ ಕೈ ಕೊಟ್ಟ. ಮಂಚವಿಲ್ಲದ, ಫ್ರಿಜ್ಜಿಲ್ಲದ ಮನೆಯಲ್ಲಿ, ಏಪ್ರಿಲ್ ಸೆಕೆಯಲ್ಲಿ, ರಜಾಯಿ ಹಾಸಿಕೊಂಡು ಮಲಗಿದೆ. ಹಾಸಿಗೆ ಅಂತ ಇದ್ದದ್ದು ಅದೊಂದೇ.

ಆಂಟಿ ಲೂಧಿಯಾನಾದಲ್ಲಿ ಮನಸಾರೆ ಉಳಿದು ಬಂದರು. ಮಂಚ ತೆರೆದು ಚೀಲ ಕೊಟ್ಟರು. ಅವರ ಎದುರಿಗೇ ಬಿಚ್ಚಿದೆ. ಜಾಕೆಟ್ ಇತ್ತು! ಪಾಸ್‌ಪೋರ್ಟೂ ಇತ್ತು! ಆದರೆ ಗಾಳಿ ಎಳೆದ ರಭಸಕ್ಕೆ ಚಟ್ನಿಪುಡಿಯ ಪೊಟ್ಟಣ ಒಡೆದು, ಶೇಂಗಾ ಇಷ್ಟು ದಿನ ನಿಧಾನವಾಗಿ ಎಣ್ಣೆ ಬಿಟ್ಟಿತ್ತು. ನನ್ನ ಫೋಟೋ ಖಾರ ಕುಡಿದು ಕೆಂಪಗಾಗಿತ್ತು. ವೀಸಾದ ಪುಟದಲ್ಲಿ ಒಂದು ಕರಿಬೇವಿನ ಎಲೆ ಅಧಿಕೃತ ಮುದ್ರೆಯ ಹಾಗೆ ಅಂಟಿಕೊಂಡಿತ್ತು. ಪಾಸ್‌ಪೋರ್ಟ್ ಕಚೇರಿಯಲ್ಲಿ ಅದನ್ನು ನೋಡಿದವರು ಮೊದಲು ಮೂಸಿದರು, ಆಮೇಲೆ ಹೊಸದಕ್ಕೆ ಅರ್ಜಿ ಹಾಕಲು ಹೇಳಿದರು.

ಆ ಹೊಸದು ಇನ್ನೂ ಬಂದಿಲ್ಲ. ಮಾಲೀಕರ ಕಾಲು ಹಿಡಿದು ಇನ್ನೊಂದು ತಿಂಗಳು ಮನೆ ಉಳಿಸಿಕೊಂಡಿದ್ದೇನೆ. ಇಷ್ಟರಲ್ಲಿ ನನ್ನ ಪ್ರತಿಭೆಯ ಸುದ್ದಿಯನ್ನು ಆಂಟಿ ಕಾಲೊನಿಯಿಡೀ ಹರಡಿದ್ದಾರೆ. ದಿನಾ ಯಾರಾದರೊಬ್ಬ ಆಂಟಿ ರಜಾಯಿ ಹೊತ್ತು ಮೆಟ್ಟಿಲು ಹತ್ತಿ ಬರುತ್ತಾರೆ. ಹತ್ತಾರು ದೇಶ ನೋಡಬೇಕಾದವನು ನಮ್ಮ ಬ್ಲಾಕಿನ ಅಷ್ಟೂ ಮನೆಗಳ ರಜಾಯಿ ನೋಡಿದ್ದೇನೆ.

ನಿನ್ನೆ ವೀಣಾ ಯಾವುದೋ ಬೆಟ್ಟದ ಊರಿನಿಂದ ವಿಡಿಯೋ ಕಾಲ್ ಮಾಡಿದ್ದಳು. ಹಿಂದೆ ಮಂಜು, ಹಸಿರು ಗದ್ದೆ. ಅದೇ ಹಳೇ ಸ್ವೆಟರು. ಕೋಪ ಇಳಿದ ಮುಖ.

"ಎಲ್ಲಾ ಚೆನ್ನಾಗಿದೆ ಕಣೋ. ತಂದಿದ್ದೇ ಸಾಕಾಗಿದೆ. ಆದರೆ ಒಂದೇ ಒಂದು ಇಲ್ಲ ಅಂತ ದಿನಾ ಊಟಕ್ಕೆ ಕೂತಾಗ ಅನ್ಸತ್ತೆ" ಎಂದು ಮೆಲ್ಲಗೆ ಹೇಳಿದಳು.

ನಾನು ಮೊಬೈಲನ್ನು ಮುಖದ ಹತ್ತಿರಕ್ಕೆ ತಂದುಕೊಂಡೆ. "ಏನು, ಹೇಳು" ಎಂದೆ.

"ಅಮ್ಮನ ಚಟ್ನಿಪುಡಿ" ಎಂದಳು.

ಪಾಸ್‌ಪೋರ್ಟಿನಲ್ಲಿ ಇನ್ನೂ ಸ್ವಲ್ಪ ಉಳಿದಿದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.