ನಮ್ಮ ಮಾವನ ಗಂಟಲು

ನಮ್ಮ ಸೋದರಮಾವ ತಮ್ಮ ಗಂಟಲಿಗೆ ಕೊಟ್ಟ ಮರ್ಯಾದೆಯಲ್ಲಿ ಕಾಲುಭಾಗವನ್ನೂ ಕಟ್ಟಿಕೊಂಡ ಹೆಂಡತಿಗೆ ಕೊಟ್ಟವರಲ್ಲ. ಇದನ್ನು ನಾನು ಚಾಡಿಯಾಗಿ ಹೇಳುತ್ತಿಲ್ಲ. ಮನೆಗೆ ಬಂದವರ ಕೈಗೆ ಕಾಫಿ ಕೊಡುತ್ತ ಅತ್ತೆಯೇ ಹೇಳುತ್ತಿದ್ದ ಮಾತು. ಮಾವ ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರು. ಕಾಗದನಗರದ ಕ್ವಾರ್ಟರ್ಸಿನಲ್ಲಿ ಮನೆ. ಡ್ಯೂಟಿಗೆ ಹೊರಡುವ ಮೊದಲು ಎರಡು ಮನೆ ಆಚೆಗೂ ಕೇಳುವಂತೆ ಉಪ್ಪುನೀರು ಮುಕ್ಕಳಿಸುತ್ತಿದ್ದರು. ಆಮೇಲೆ ಒಂದು ಸಿಗರೇಟು. ಅದು ಮುಗಿದ ಮೇಲೆ ಮತ್ತೆ ಉಪ್ಪುನೀರು. "ಹೊಗೆಯೆಲ್ಲ ತೊಳೆದುಹೋಯ್ತು ನೋಡು," ಎನ್ನುತ್ತಿದ್ದರು. ದಿನಕ್ಕೊಂದು ಪ್ಯಾಕು ಸಿಗರೇಟು, ಅಷ್ಟೇ ಸಲ ಉಪ್ಪುನೀರು. ಆ ಗಂಟಲು ಇಷ್ಟು ಹೊತ್ತಿಗೆ ಅರಬ್ಬಿ ಸಮುದ್ರವಾಗಬೇಕಿತ್ತು!

ಇಂಥ ಗಂಟಲಿನ ಯಜಮಾನರಿಗೆ ತೇಗುವವರನ್ನು ಕಂಡರೆ ಆಗುತ್ತಿರಲಿಲ್ಲ. ಗಂಟಲಿರುವುದು ಮಾತಿಗೆ, ಗಾಳಿಗಲ್ಲ ಎಂಬುದು ಅವರ ಸಿದ್ಧಾಂತ. ನನ್ನ ನಿಶ್ಚಿತಾರ್ಥದ ಊಟದಲ್ಲಿ ಗಂಡಿನ ತಂದೆ ಹೋಳಿಗೆ ಮುಗಿಸಿ, ಉಂಡವರು ಮನೆಯವರಿಗೆ ತೋರಿಸುವ ಸಂತೋಷದಂತೆ, ದೊಡ್ಡದಾಗಿ ತೇಗಿದರು. ಪಕ್ಕದೆಲೆಯ ಮಾವ ಎರಡೂ ಕೈ ಮುಗಿದು, "ಸ್ವಾಮಿ, ಇದನ್ನ ಸ್ವಲ್ಪ ಹೊರಗೆ ಹೋಗಿ ಮುಗಿಸ್ಕೊಂಡು ಬರ್ತೀರಾ?" ಎಂದುಬಿಟ್ಟರು. ಮದುವೆಯೇನೋ ನಡೆಯಿತು. ಆದರೆ ಆ ಮಾತನ್ನು ನನ್ನ ಗಂಡನ ಮನೆಯವರು ಇವತ್ತಿಗೂ ಮರೆತಿಲ್ಲ.

ಆಮೇಲೊಂದು ವರ್ಷ ಮಾವನ ದನಿ ಒಡೆಯಿತು. ಶೀತ ಎಂದರು. ಕಾಳುಮೆಣಸು, ಜೇನು, ಜ್ಯೇಷ್ಠಮಧು ಎಂದು ಆರು ತಿಂಗಳು ಕಳೆದರು. ಕೊನೆಗೆ ಶಿವಮೊಗ್ಗದ ಗಂಟಲು ಡಾಕ್ಟರು ಒಂದು ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ನಾನೂ ಜೊತೆಗಿದ್ದೆ. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕು ಎಂದರು ಡಾಕ್ಟರು.

"ಅರ್ಧ ಬಿಟ್ಟರೆ ಆಗಲ್ವ ಡಾಕ್ಟ್ರೇ? ಬರೀ ಲೋಕಲ್ ಕಾಲ್ ಮಾತಾಡ್ಕೊಂಡಿರ್ತೀನಿ. ಟ್ರಂಕ್ ಕಾಲ್ ಬೇಡ," ಎಂದರು ಮಾವ.

ಡಾಕ್ಟರು ನಗಲಿಲ್ಲ. ಕಾಯಿಲೆ ಎಷ್ಟು ದೊಡ್ಡದು ಎನ್ನುವುದು ನನಗೆ ಅರ್ಥವಾದದ್ದು ಆಗಲೇ.

ಮಂಗಳೂರಿನಲ್ಲಿ ಆಪರೇಷನ್ ಆಯಿತು. ಇನ್ನು ಉಸಿರಾಟವೆಲ್ಲ ಕುತ್ತಿಗೆಯ ತೂತಿನಿಂದ, ಬಾಯಿಗೂ ಶ್ವಾಸಕೋಶಕ್ಕೂ ಸಂಬಂಧವಿಲ್ಲ. ಆಮೇಲೆ ಶಿವಮೊಗ್ಗದ ಆಸ್ಪತ್ರೆಗೆ ಹೋಗಿಬರಲು ಹತ್ತಿರವಾಗುತ್ತದೆಂದು ಎರಡು ತಿಂಗಳು ಅದೇ ಊರಿನ ಗೋಪಾಳದ ನಮ್ಮ ಮನೆಯಲ್ಲೇ ಇದ್ದರು. ಕೊನೆಯ ವಾರ ಟಾರ್ಚಿನಂಥ ಒಂದು ಬ್ಯಾಟರಿ ಯಂತ್ರ ಬಂತು. ಅದನ್ನು ಕುತ್ತಿಗೆಗೆ ಒತ್ತಿ ತುಟಿ ಆಡಿಸಿದರೆ ಮಾತು ಕೇಳುತ್ತಿತ್ತು. ಏರಿಲ್ಲ, ಇಳಿವಿಲ್ಲ, ಹಿಟ್ಟಿನ ಗಿರಣಿಯೇ ಮಾತಾಡಿದಂತೆ.

ಊರಿಗೆ ಹೊರಟ ದಿನ ಬಸ್‌ಸ್ಟ್ಯಾಂಡಿನ ಬೂತಿನಿಂದ ಮಾವ ತಾವೇ ಮನೆಗೆ ಫೋನ್ ಮಾಡಿದರು. "ನಾನು ಬರ್ತಿದ್ದೀನಿ. ಬಾಗಿಲು ಹಾಕ್ಬೇಡ." ಅಷ್ಟೇ. ಆ ಯಂತ್ರದ ದನಿಯನ್ನು ಅತ್ತೆ ಅದುವರೆಗೆ ಕೇಳಿರಲಿಲ್ಲ. ಮುಂದಿನ ಬಾಗಿಲು, ಹಿಂದಿನ ಬಾಗಿಲು ಎರಡಕ್ಕೂ ಅಗುಳಿ ಹಾಕಿ, ಕಿಟಕಿಯಿಂದಲೇ ಪಕ್ಕದ ಮನೆಯವರನ್ನು ಕೂಗಿ ಪೊಲೀಸರನ್ನು ಕರೆಸಿದರು.

ನಾವು ಆಟೋದಿಂದ ಇಳಿದಾಗ ಸಬ್‌ಇನ್ಸ್‌ಪೆಕ್ಟರು ಹಜಾರದಲ್ಲಿ ಕೂತು ಕ್ಯಾಸೆಟ್ ಕೇಳುತ್ತಿದ್ದರು. ಆಪರೇಟರ ಮನೆಯಲ್ಲವೇ, ಮಾವ ಎಂದೋ ಫೋನಿಗೆ ಟೇಪ್‌ರೆಕಾರ್ಡರು ಜೋಡಿಸಿಟ್ಟಿದ್ದರು!

"ಹೆದರಬೇಡಿ ಅಮ್ಮ, ಇದನ್ನ ಬೆಂಗಳೂರಿನ ಲ್ಯಾಬಿಗೆ ಕಳಿಸ್ತೀನಿ. ದನಿ ಅನ್ನೋದು ಬೆರಳಚ್ಚು ಇದ್ದಂಗೆ. ಅದರ ಗೆರೆಯೆಲ್ಲ ಕಾಗದದ ಮೇಲೆ ಬರುತ್ತೆ. ಕಳ್ಳ ಸಿಕ್ಕೇ ಸಿಗ್ತಾನೆ," ಎನ್ನುತ್ತಿದ್ದರು.

ಕಳ್ಳ ಕುತ್ತಿಗೆಗೆ ಟವೆಲ್ ಸುತ್ತಿಕೊಂಡು ಹೊಸ್ತಿಲಲ್ಲಿ ನಿಂತಿದ್ದರು. ನಾನು ವಿಷಯ ಹೇಳಿದೆ. ಇನ್ಸ್‌ಪೆಕ್ಟರು ಮಾವನ ಬಾಯಲ್ಲಿ ಅದೇ ಮಾತನ್ನು ಇನ್ನೊಮ್ಮೆ ಆಡಿಸಿ ಕ್ಯಾಸೆಟ್ಟಿನೊಂದಿಗೆ ಹೋಲಿಸಿ ಬಿದ್ದು ಬಿದ್ದು ನಕ್ಕರು. ಆಮೇಲೆ ಯಂತ್ರವನ್ನು ಕೇಳಿ ಇಸಿದುಕೊಂಡು ತಮ್ಮ ಕುತ್ತಿಗೆಗೇ ಒತ್ತಿ, "ನಾನು ಬರ್ತಿದ್ದೀನಿ" ಎಂದರು. ಅದೇ ದನಿ. ಕಾನ್‌ಸ್ಟೇಬಲ್ ಹಿಡಿದ, ಅದೇ ದನಿ. ಪಕ್ಕದ ಮನೆಯವರೂ ಬಿಡಲಿಲ್ಲ.

"ಈಗ ಲ್ಯಾಬಿಗೆ ಕಳಿಸಿದ್ರೆ ನಾವೆಲ್ಲ ಒಳಗೆ," ಎಂದರು ಇನ್ಸ್‌ಪೆಕ್ಟರು.

ಎಲ್ಲರೂ ನಕ್ಕೆವು. ಮಾವನ ಭುಜ ಕುಲುಕುತ್ತಿತ್ತು. ಅವರೂ ನಗುತ್ತಿದ್ದಾರೆ ಎಂದೇ ನಾನು ತಿಳಿದೆ, ಎಂಥ ದಡ್ಡಿ ನಾನು. ಪೊಲೀಸರು ಹೋದ ಮೇಲೆ ಅವರು ಯಂತ್ರವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಒಂದು ಚೀಟಿ ಬರೆದು ನನ್ನ ಕೈಗಿತ್ತರು. "ಯಾರು ಹಿಡಿದರೂ ಅದೇ ದನಿ. ಅದರಲ್ಲಿ ನನ್ನದು ಅಂತ ಏನಿದೆ?"

ಅಲ್ಲಿಂದ ಚೀಟಿಗಳ ಕಾಲ ಶುರುವಾಯಿತು. ಆದರೆ ಅತ್ತೆಗೆ ಓದು ಬಾರದು. ಅದು ಗೊತ್ತಿದ್ದೂ ಮಾವ ಯಂತ್ರ ಮುಟ್ಟಲಿಲ್ಲ. ಅಷ್ಟು ವರ್ಷದ ಸಂಸಾರದಲ್ಲಿ ಅದರಿಂದ ಒಂದು ದಿನವೂ ತೊಂದರೆಯಾಗಿರಲಿಲ್ಲ. ಗಂಡನ ಖಾಸಗಿ ಮಾತನ್ನು ಅಕ್ಕಪಕ್ಕದವರಿಂದ ಓದಿಸಲು ನಾಚಿ, ಚೀಟಿಗಳನ್ನೆಲ್ಲ ರವೆ ಡಬ್ಬದಲ್ಲಿ ಹಾಕಿಟ್ಟು ಭಾನುವಾರ ನಾನು ಹೋದಾಗ ಮುಂದೆ ಸುರಿಯುತ್ತಿದ್ದರು. "ಸಾರಿಗೆ ಉಪ್ಪಿಲ್ಲ." ಅದು ಸೋಮವಾರದ ಸಾರು! "ಕನ್ನಡಕ ಎಲ್ಲಿ?" ಕನ್ನಡಕ ಮೂಗಿನ ಮೇಲೇ ಇತ್ತು. ಹೀಗೆ ನಗುತ್ತ ಓದುತ್ತಿದ್ದವಳು ಒಂದು ಚೀಟಿಗೆ ಬಂದು ನಿಂತೆ. "ತೂತು ಕಟ್ಟಿದೆ. ಉಸಿರು ಬರ್ತಿಲ್ಲ. ಡಾಕ್ಟರನ್ನ ಕರಿ."

"ಇದನ್ನ ಯಾವಾಗ ಕೊಟ್ರು ಅತ್ತೆ?"

"ಬುಧವಾರ ಕಣೇ. ಕೈ ಆಡಿಸ್ತಿದ್ರು. ಬಾಯಾರಿಕೆ ಅಂದ್ಕೊಂಡು ಮಜ್ಜಿಗೆ ಕೊಟ್ಟೆ."

ಚೀಟಿಯಲ್ಲಿ ಏನಿದೆಯೆಂದು ನಾನು ಹೇಳಿದೆ. ಅತ್ತೆ ಅದೊಂದನ್ನು ಡಬ್ಬಕ್ಕೆ ಹಾಕದೆ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಅವತ್ತು ಮಾವ ಕನ್ನಡಿ ಮುಂದೆ ನಿಂತು ಚಿಮಟದಿಂದ ತಾವೇ ಕಫ ಎಳೆದುಕೊಂಡು ಬದುಕಿದ್ದರಂತೆ. ಮುಂದಿನ ಸಲ ಅದೃಷ್ಟ ಕೈಕೊಟ್ಟರೆ ಮಜ್ಜಿಗೆ ಲೋಟ ಒಂದು ಕೈಯಲ್ಲಿ, ಚೀಟಿ ಇನ್ನೊಂದು ಕೈಯಲ್ಲಿ ಹಿಡಿದೇ ಸಾಯುತ್ತಾರೆ. ಹೆಂಡತಿಯ ಜೊತೆ ಬಾಯಲ್ಲಿ ಮಾತಾಡುವುದನ್ನು ಕಲಿಯದೆ ಬೇರೆ ದಾರಿಯಿರಲಿಲ್ಲ.

ಶಿವಮೊಗ್ಗದಲ್ಲಿ ಮಾತು ಕಲಿಸುವ ಒಬ್ಬ ಹುಡುಗಿ ಇದ್ದಳು, ಅದನ್ನೇ ಓದಿದವಳು. "ಯಂತ್ರ ಬೇಡ ಅಂದ್ರೆ ಇನ್ನೊಂದು ವಿದ್ಯೆ ಇದೆ ಸರ್. ಗಾಳಿ ನುಂಗಿ, ಅದನ್ನ ತೇಗಿ, ಆ ತೇಗಲ್ಲೇ ಮಾತಾಡ್ಬೇಕು," ಎಂದಳು.

ಮಾವ ಎದ್ದು ಹೊರಟೇಹೋದರು. ವಿಧಿಗೂ ಕುಚೋದ್ಯ ಗೊತ್ತು ನೋಡಿ! ಎರಡು ವಾರ ಬಿಟ್ಟು ತಾವಾಗಿಯೇ ವಾಪಸು ಬಂದರು. ಗೋಲಿ ಸೋಡಾ ಕುಡಿಯುವುದು, ತೇಗುವುದು. ಕ್ವಾರ್ಟರ್ಸಿನ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಗೋಡೆಗೆ ಮುಖ ಮಾಡಿ ಕೂತು ಮೂರು ತಿಂಗಳು ಅಭ್ಯಾಸ. ಅತ್ತೆ ಅತ್ತ ಸುಳಿಯುವಂತಿರಲಿಲ್ಲ.

ಈ ವಿದ್ಯೆಯಲ್ಲಿ ಪ, ತ, ಕ ಇಂದ ಶುರುವಾಗುವ ಮಾತುಗಳು ಮೊದಲು ಬರುತ್ತವಂತೆ. ಅ, ಇ ಇಂದ ಶುರುವಾಗುವವು ಬರುವುದು ತಡ. "ಮನೇಲಿ ಯಾರ ಜೊತೆ ಮಾತಾಡ್ಬೇಕು ಸರ್? ಮೇಡಂ ಹೆಸರೇನು?" ಎಂದು ಕೇಳಿದಳು ಹುಡುಗಿ. ಮಾವ ಹೊಸ ಮದುಮಗನ ಹಾಗೆ ಕೆಂಪಗಾದರು. ಮದುವೆಯಾದಂದಿನಿಂದ ಹೆಂಡತಿಯನ್ನು "ಇವಳೇ" ಎಂದು ಕರೆದವರೇ ಹೊರತು ಹೆಸರು ಹಿಡಿದವರಲ್ಲ. ಈಗ ಆ "ಇವಳೇ" ಗಂಟಲಿಗೆ ಬರುವಂತಿರಲಿಲ್ಲ.

ಒಂದು ಭಾನುವಾರ ಅತ್ತೆ, ನಾನು ಅವರೆಕಾಯಿ ಬಿಡಿಸುತ್ತ ಕೂತಿದ್ದೆವು. ಹಿತ್ತಲ ಬಾಗಿಲಲ್ಲಿ ಮಾವ ಬಂದು ನಿಂತು, ಬಾಯಿ ಮುಚ್ಚಿ ಗಾಳಿ ನುಂಗಿದರು. "ಪಾರ್…" ಎಂದು ನಿಂತರು. ಮತ್ತೊಮ್ಮೆ ನುಂಗಿ, "…ವತಿ" ಎಂದರು.

ಅತ್ತೆ ತಿರುಗಲಿಲ್ಲ. ತವರೂರಿನವರನ್ನು ಬಿಟ್ಟರೆ ಅವರನ್ನು ಆ ಹೆಸರಲ್ಲಿ ಕರೆಯುವವರು ಯಾರೂ ಇರಲಿಲ್ಲ. "ಯಾರೋ ನಮ್ಮೂರೋರು ಬಂದ್ರು ಅನ್ಸುತ್ತೆ, ನೋಡೇ," ಎಂದರು ನನಗೆ. ಮಾವ ಇನ್ನೊಮ್ಮೆ ಕರೆದರು. ಅತ್ತೆ ಮೊರ ಕೆಳಗಿಟ್ಟು ಎದ್ದುನಿಂತರು. "ಬಂದೆ ರೀ."

ಕಾಯಿಲೆ ಮತ್ತೆ ಬಂತು, ಈ ಸಲ ಬಿಡಲಿಲ್ಲ. ಮಾವ ಹೆಂಡತಿಯನ್ನು ಹೆಸರು ಹಿಡಿದು ಕರೆದದ್ದು ಎಂಟೇ ತಿಂಗಳು.

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅತ್ತೆ ನನ್ನನ್ನು ಹತ್ತಿರ ಕೂರಿಸಿಕೊಂಡರು. "ಒಂದ್ಸಲ ನನ್ನ ಹೆಸರು ಹಿಡಿದು ಕರಿಯೇ," ಎಂದರು. ಹಿರಿಯರ ಹೆಸರು ಹೇಗೆ ಹಿಡಿಯುವುದು? ಹಿಂಜರಿಯುತ್ತಲೇ "ಪಾರ್ವತಿ" ಎಂದೆ.

"ಹಂಗಲ್ಲ ಮಾರಾಯ್ತಿ. ಅವರು ಕರೀತಿದ್ದ ಹಂಗೆ."

ನಾನು ಬಾಯಿ ಮುಚ್ಚಿ ಗಾಳಿ ನುಂಗಿದೆ. ಹೇಗೋ ತೇಗಿ ಅರ್ಧ ಹೆಸರು ಹೇಳಿದೆ, ಮತ್ತೆ ನುಂಗಿ ಉಳಿದರ್ಧ ಹೇಳಿದೆ.

ಅತ್ತೆ ಕಣ್ಣು ಮುಚ್ಚಿಕೊಂಡು, "ಬಂದೆ ರೀ," ಎಂದರು.