ಭಾವ ಮತ್ತು ಅವರ ಜರ್ಮನ್ ಬ್ಯಾಂಡು

ಒಂದು ಜರ್ಮನ್ ಬ್ಯಾಂಡಿನ ಮೇಲೆ ಮೂವತ್ತು ವರ್ಷಗಳಿಂದ ಕೋಪ ಮಾಡಿಕೊಂಡಿರುವ ಕನ್ನಡಿಗರು ಇಡೀ ಪರ್ತ್‌ನಲ್ಲಿ ಒಬ್ಬರೇ. ನನ್ನ ದುರದೃಷ್ಟಕ್ಕೆ ಅವರು ನನ್ನ ಅಕ್ಕನ ಗಂಡ.

ನಾಲ್ವರು ಶಾಲಾ ಗೆಳೆಯರು ಸೇರಿ ಕಟ್ಟಿದ ಪಾಪ್-ರಾಕ್ ಬ್ಯಾಂಡ್ ಅದು. ಭಾವ ಜರ್ಮನಿಯಲ್ಲಿ ಓದುತ್ತಿದ್ದಾಗ ಆ ನಾಲ್ವರು ಇವರ ಕಾಲೇಜು ಕ್ಯಾಂಟೀನಿನಲ್ಲಿ ಹಾಡುತ್ತಿದ್ದರಂತೆ. ಆಮೇಲೆ ಬ್ಯಾಂಡಿಗೆ ಹೆಸರು ಬಂತು, ಭಾವನಿಗೆ ಕೋಪ ಬಂತು. ಇಂಗ್ಲಿಷಿನಲ್ಲಿ ಹಾಡಿದರೆ ಕೋಪ. ಗಾಯಕ ತಾನೊಬ್ಬನೇ ಆಲ್ಬಮ್ ಮಾಡಿದ್ದಕ್ಕೆ ಎರಡು ವರ್ಷ ಕೋಪ. ಪರ್ತ್‌ನ ವಿಲೆಟನ್ ಬಡಾವಣೆಯ ನಮ್ಮ ಮನೆಗೆ ಊಟಕ್ಕೆ ಬಂದರೆ ಸಾರು ಕಲಸುವ ಮೊದಲೇ ಶುರು: "ಫ್ರೆಂಡ್ಸ್ ಆಗಿ ಶುರು ಮಾಡಿದ್ರು ಕಣಯ್ಯ. ಈಗ ಮ್ಯಾನೇಜರ್ ಹೇಳ್ದಂಗೆ ಕುಣೀತಾರೆ." ನಾನೇನು ಅವರ ಮ್ಯಾನೇಜರೇ?

ಕಳೆದ ವರ್ಷ ಬ್ಯಾಂಡು ಆಸ್ಟ್ರೇಲಿಯಾಕ್ಕೆ ಬಂತು. ಬ್ರಿಸ್ಬೇನ್, ಅಡಿಲೇಡ್, ಅಷ್ಟೇ.

"ನಾನ್ ಪರ್ತಲ್ಲಿದೀನಿ ಅಂತ ಗೊತ್ತಿದ್ದೂ ಬರ್ತಿಲ್ಲ."

"ಅವರಿಗೆ ಹೇಗೆ ಗೊತ್ತಿರುತ್ತೆ ಭಾವ?"

"ಏಳು ಇಮೇಲ್ ಬರ್ದಿದೀನಲ್ಲ."

ಕೊನೆಗೆ ಭಾವ ತಾವೇ ಎರಡೂ ಊರಿಗೆ ಹೊರಟರು; ಅಕ್ಕ ನನ್ನನ್ನೂ ಜೊತೆಗೆ ಅಟ್ಟಿದಳು. ಬ್ರಿಸ್ಬೇನ್ ತಲುಪಿ, ಅಲ್ಲಿನ ಟೂವಾಂಗ್ ಬಡಾವಣೆಯ ನನ್ನ ಗೆಳೆಯನ ಮನೆಯಲ್ಲಿ ಬ್ಯಾಗು ಇಳಿಸುವಷ್ಟರಲ್ಲಿ ಸಂದೇಶ ಬಂತು: ಗಾಯಕನ ಗಂಟಲು ಕಟ್ಟಿದೆ, ಕಾರ್ಯಕ್ರಮ ರದ್ದು.

"ಐಸ್ ವಾಟರ್ ಕುಡೀಬೇಡ ಅಂತ ಮೂರನೇ ಇಮೇಲಲ್ಲೇ ಬರ್ದಿದ್ದೆ" ಎಂದು ಭಾವ ಧಡಾರನೆ ರೂಮಿನ ಬಾಗಿಲು ಹಾಕಿಕೊಂಡರು. "ಈಸ್ ಅಂಕಲ್ ಓಕೆ?" ಎಂದಳು ಗೆಳೆಯನ ಮಗಳು. ಇಲ್ಲ ಎಂದೆ.

ಅಡಿಲೇಡಿನಲ್ಲಿ ಭಾನುವಾರ ಮಧ್ಯಾಹ್ನ, ಪಾರ್ಕಿನ ಒಂದು ಸಣ್ಣ ವೇದಿಕೆ. ಹಳಬರು ಮೂವರೇ ಬಂದಿದ್ದರು. ಡ್ರಮ್ಸ್ ಹಿಂದೆ ಇಪ್ಪತ್ತರ ಹುಡುಗಿಯೊಬ್ಬಳು ಕೂತಿದ್ದಳು. ಭಾವ ಎದ್ದು ನಿಂತು ಜರ್ಮನ್‌ನಲ್ಲಿ ಏನೋ ಕೂಗಿದರು. ಭಾಷೆ ತಿಳಿಯದಿದ್ದರೂ ಬೈಗುಳವೆಂದು ತಿಳಿಯಿತು. ಸೆಕ್ಯುರಿಟಿಯವನು ನನ್ನ ಕಡೆ ನೋಡಿದ. ನಾನು ಮರದ ಕಡೆ ನೋಡಿದೆ.

ಕಾರ್ಯಕ್ರಮ ಮುಗಿದ ಮೇಲೆ ಗಾಯಕನೇ ಇಳಿದು ಬಂದ. ಅವನ ಮಾತು ಕೇಳುತ್ತ ಭಾವನ ಮುಖ ಸಣ್ಣಗಾಯಿತು.

"ಏನಂತೆ ಭಾವ?"

"ಡ್ರಮ್ಮರ್‌ಗೆ ಕೈ ನಡುಗೋ ಕಾಯಿಲೆಯಂತೆ. ಇವರು ಬ್ಯಾಂಡೇ ಮುಚ್ಚೋಣ ಅಂದ್ರಂತೆ. ಅವನೇ ಬೇಡ ಅಂತ ಮಗಳನ್ನ ಕಳ್ಸಿದಾನೆ."

ಅಷ್ಟರಲ್ಲಿ ಆ ಹುಡುಗಿ ಅಪ್ಪನಿಗೆ ವಿಡಿಯೊ ಕಾಲ್ ಮಾಡಿದ್ದಳು. ಜರ್ಮನಿಯಲ್ಲಿನ್ನೂ ಬೆಳಗಿನ ಹೊತ್ತು. ಅವಳು ಫೋನನ್ನು ಭಾವನ ಕೈಗೆ ಕೊಟ್ಟಳು. ಭಾವ ಹುಲ್ಲಿನ ಮೇಲೆ ಕೂತು ಒಂದೊಂದು ಹಾಡಿನ ವರದಿಯನ್ನೂ ಅವನಿಗೆ ಒಪ್ಪಿಸಿದರು. ಜರ್ಮನ್ ಬಾರದ ನನಗೂ, ಒಂದರಲ್ಲೂ ತಪ್ಪು ಹುಡುಕುತ್ತಿಲ್ಲ ಎಂಬುದು ಗೊತ್ತಾಗುತ್ತಿತ್ತು. ಫೋನು ಹಿಂದಿರುಗಿಸಿ, ಹುಡುಗಿಯ ತಲೆ ಮೇಲೆ ಕೈಯಿಟ್ಟರು. ಯಾಕೋ ಜರ್ಮನ್ ಮರೆತೇ ಹೋಗಿತ್ತು.

"ಚೆನ್ನಾಗಿ ಬಾರಿಸ್ದೆ ಕಂದ" ಎಂದರು.