ಮಂಜಿನಲ್ಲಿ ಚೊರ್ ಎನ್ನುವ ಪಿಂಗಾಣಿ

ನಮ್ಮ ಮಾವ ದೇವರನ್ನು ನಂಬುತ್ತಾನೆ, ತನ್ನ ಹಳೇ ಜೀಪಿನ ಬ್ರೇಕನ್ನು ನಂಬುತ್ತಾನೆ, ಯಸಳೂರು ಬಸ್ಸಿನ ಟೈಮನ್ನೂ ನಂಬುತ್ತಾನೆ. ಪಿಂಗಾಣಿಯನ್ನು ಮಾತ್ರ ನಂಬುವುದಿಲ್ಲ!

ಬೇಕಾದರೆ ಅವನ ಮುಂದೆ ಒಂದು ಕಪ್ ಕಾಫಿ ಇಟ್ಟು ನೋಡಿ. ಮೊದಲು ಕಪ್ಪನ್ನು ಉಗುರಿನಿಂದ ಬಡಿಯುತ್ತಾನೆ. ಟಣ್ ಎಂದರೆ ಕುಡಿಯುತ್ತಾನೆ, ಟಪ್ ಎಂದರೆ ಸ್ಟೀಲ್ ಲೋಟ ಕೇಳುತ್ತಾನೆ. ಕುಂದೂರಿಗೆ ನನಗೆ ಹೆಣ್ಣು ನೋಡಲು ಹೋದಾಗಲೂ ಅಷ್ಟೇ, ತಟ್ಟೆಯಲ್ಲಿದ್ದ ಕಪ್ಪುಗಳನ್ನೆಲ್ಲ ಬಡಿಯುತ್ತಾ ಕೂತಿದ್ದ. ಹೊರಗೆ ಬಂದ ಮೇಲೆ, ಹುಡುಗಿ ಹೇಗಿದ್ದಾಳೆ ಮಾವ ಎಂದು ಕೇಳಿದೆ.

"ಯಾವ ಹುಡುಗಿ?" ಎಂದ.

ಈ ಕಾಯಿಲೆ ಅಂಟಿದ್ದು ಕರೆಂಟ್ ಕಂಬದಿಂದ. ಹೆಗ್ಗದ್ದೆ ಕಡೆ ಅವನ ಕಾಫಿ ಎಸ್ಟೇಟಿನಲ್ಲಿ, ಮನೆಯಿಂದ ಕೊಟ್ಟಿಗೆಗೆ ಇಳಿಯುವ ಕಾಲುದಾರಿಯ ಪಕ್ಕ ಒಂದು ಕಂಬವಿದೆ. ಅದು ವಾಲದಂತೆ ಎಳೆದು ನೆಲಕ್ಕೆ ಬಿಗಿದ ತಂತಿಯೂ ಅಲ್ಲೇ ಇದೆ. ಅತ್ತೆ ಬೆಳಿಗ್ಗೆ ಹಾಲು ಕರೆಯಲು ಹೋಗುವಾಗ, ಕಾಲು ಜಾರೀತೆಂದು ಆ ತಂತಿ ಹಿಡಿದೇ ಇಳಿಯುವುದು. ಒಂದು ದಿನ ಮಂಜಿನಲ್ಲಿ ಕಂಬದ ತುದಿಯಲ್ಲಿ ಕರೆಂಟ್ ತಂತಿ ಹೊತ್ತ ಪಿಂಗಾಣಿ ಬಟ್ಟಲು ಚೊರ್ ಎಂದದ್ದು ಮಾವನ ಕಿವಿಗೆ ಬಿತ್ತು. ಅಲ್ಲಿಗೆ ಅವನ ನೆಮ್ಮದಿ ಕೆಟ್ಟಿತು.

"ಸರಿಯಾಗಿ ಬೇಯ್ಲಿಲ್ಲ ಅಂದ್ರೆ ಪಿಂಗಾಣಿ ಒಳಗೆ ಕಣ್ಣಿಗೆ ಕಾಣ್ದಂಗೆ ತೂತು ಉಳ್ಕೊಂತವೆ ಕಣೋ. ಆ ತೂತಿನ ಗಾಳೀಲಿ ಪುಟ್ಟ ಪುಟ್ಟ ಮಿಂಚು ಹೊಡಿತವೆ. ಗಾಳಿ ಹೋಗಿ ಕರೆಂಟು ಹರಿಯೋ ಪ್ಲಾಸ್ಮಾ ಆಗ್ಬುಡ್ತದೆ. ಹಂಗೇ ಒಳಗೊಳಗೇ ಕೊರ್ಕೊಂಡು, ಒಂದಿನ ಕರೆಂಟು ಈ ತಂತಿಗೆ ಇಳಿದ್ಬುಟ್ರೆ ಏನ್ಮಾಡ್ತೀಯ?"

"ಇದನ್ನೆಲ್ಲ ಯಾರು ಹೇಳಿದ್ರು ಮಾವ?"

"ಫೋನಲ್ಲಿ ಐತೆ ಮಾರಾಯ."

ಮಾವ ನಂಬುವವುಗಳ ಪಟ್ಟಿಯಲ್ಲಿ ಫೋನನ್ನು ಸೇರಿಸಲು ನಾನು ಮರೆತಿದ್ದೆ.

ಆಮೇಲೆ ಅಟ್ಟದ ಮೇಲಿದ್ದ ಟ್ರಾನ್ಸಿಸ್ಟರ್ ಕೆಳಗಿಳಿಯಿತು. ಯಾವ ಸ್ಟೇಷನ್ನೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿ, ಅದನ್ನು ಎತ್ತಿ ಹಿಡಿದು ಮಾವ ಕಂಬದ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದ. ಬಟ್ಟಲೊಳಗೆ ಮಿಂಚು ಹೊಡೆದರೆ ರೇಡಿಯೋಗೆ ಕೇಳಿಸುತ್ತದಂತೆ. ಹತ್ತಿರ ಹೋದಷ್ಟೂ ಅದು ಕರಕರ ಎನ್ನುತ್ತಿತ್ತು. "ಸಾಹುಕಾರ್ರು ಕಂಬಕ್ಕೆ ವಾರ್ತೆ ಕೇಳಿಸ್ತಾವ್ರೆ," ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಊರಿಗೆಲ್ಲ ಸಾರಿದ. ಮಾವ ಪಿಂಗಾಣಿಯನ್ನು ಅನುಮಾನಿಸಿದರೆ, ನಾವೆಲ್ಲ ಮಾವನನ್ನು ಅನುಮಾನಿಸತೊಡಗಿದೆವು. ಅತ್ತೆಯಂತೂ ಅವನು ಏನು ಕೂಗಿದರೂ ಉತ್ತರ ಕೊಡುವುದನ್ನೇ ಬಿಟ್ಟಿದ್ದಳು. ಬೇಸತ್ತಿರಬೇಕು, ಪಾಪ, ಎಂದುಕೊಂಡೆವು.

"ಮಂಜಿಗೆ ಎಲ್ಲಾ ಬಟ್ಲೂ ಒಂಚೂರು ಸದ್ದು ಮಾಡ್ತವೆ ಸಾರ್," ಎಂದು ಲೈನ್‌ಮನ್ ಜಾರಿಕೊಳ್ಳಲು ನೋಡಿದ. ಮಾವ ಬಿಡುವ ಪೈಕಿಯೇ? ಬೆನ್ನು ಬಿದ್ದು ಬಟ್ಟಲು ಬದಲು ಮಾಡಿಸಿದ. ಹಳೆಯದನ್ನು ಕಲ್ಲಿಗೆ ಕುಕ್ಕಿ ಒಡೆದು, ಒಂದು ಚೂರನ್ನು ಇಂಕಿನಲ್ಲಿ ನೆನೆಹಾಕಿ, ಆಮೇಲೆ ತೊಳೆದ. ಒಳ್ಳೆಯ ಪಿಂಗಾಣಿಯಾದರೆ ಇಂಕು ಜಾರಿ ಹೋಗಬೇಕು. ಇದು ಬಿಸ್ಕತ್ತು ಟೀ ಕುಡಿದಂತೆ ಕುಡಿದಿತ್ತು. ಅತ್ತೆ ಕಾಫಿ ಕೊಟ್ಟಾಗ ಲೈನ್‌ಮನ್ ತಾನೂ ಕಪ್ಪನ್ನು ಒಮ್ಮೆ ಬಡಿದು ನೋಡಿದ.

ಅಲ್ಲಿಗೆ ಮುಗಿಯಿತಲ್ಲ ಎಂದುಕೊಂಡಿದ್ದೆ. ಮೊನ್ನೆ ಹೋದಾಗ ನೋಡಿದರೆ, ಬೆಳಗಿನ ಮಂಜಿನಲ್ಲಿ ಮತ್ತೆ ಅದೇ ಕಂಬ, ಅದೇ ರೇಡಿಯೋ. ನನಗೆ ರೇಗಿತು.

"ಹೊಸದು ಹಾಕಿಸಿದ್ದಾಯ್ತಲ್ಲ, ಇನ್ನೂ ಏನು ಅನುಮಾನ?"

"ಹೊಸದು ಹಳೇದಾಗಕಿಲ್ವಾ?" ಎಂದವನು ದನಿ ತಗ್ಗಿಸಿದ. "ನಾವಾದ್ರೆ ಚೊರ್ ಅಂದ್ರೆ ದೂರ ನಿಲ್ತೀವಿ. ನಿಮ್ಮತ್ತೆಗೆ ಕಿವಿ ಹೋಗೈತೆ ಕಣೋ. ಯಾರ್ಗೂ ಗೊತ್ತಾಗ್ಬಾರ್ದು ಅಂತ ನಗ್‌ನಗ್ತಾ ಓಡಾಡ್ತಾಳೆ. ನೀನೂ ಗೊತ್ತಿಲ್ದಂಗೇ ಇರು."

ಅಷ್ಟರಲ್ಲಿ ಅತ್ತೆ ಹಾಲು ಕರೆಯಲು ಖಾಲಿ ಚೊಂಬು ಹಿಡಿದು ಬಂದಳು. ಮಾವನ ಕೈಯಲ್ಲಿದ್ದ ರೇಡಿಯೋ ಕರಕರವಿಲ್ಲದೆ ಸುಮ್ಮನೆ ಸೊಯ್ಯ್ ಎನ್ನುತ್ತಿತ್ತು. ಅತ್ತೆ ಅದನ್ನು ನೋಡಿ, ತಲೆದೂಗಿ ನಕ್ಕಳು.

"ಹಾಡು ಚೆಂದಾಗೈತೆ," ಎಂದಳು.

"ಹೂಂ, ಚೆಂದಾಗೈತೆ," ಎಂದ ಮಾವ. ತಂತಿಯ ಕಡೆ ಚಾಚಿದ ಅವಳ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡು ಇಳಿಸತೊಡಗಿದ.